ಸಂಬಳ ಎಷ್ಟು, ಕೈಗೆ ಎಷ್ಟು? ಒಬ್ಬರೇ ದುಡಿಯುವ ಮನೆಯ ಆದಾಯ ತೆರಿಗೆಯ ಲೆಕ್ಕ

ಶೇಕಡಾ ಲೆಕ್ಕ ಎಂದ ಕೂಡಲೇ ನಮ್ಮ ಪಾಠ ಯೋಜನೆಗಳಲ್ಲಿ ಬರುವುದು ಬಟ್ಟೆ ಅಂಗಡಿಯ ರಿಯಾಯಿತಿ, ಮಾವಿನಹಣ್ಣಿನ ವ್ಯಾಪಾರಿಯ ಲಾಭ-ನಷ್ಟ, ಬ್ಯಾಂಕಿನ ಸರಳ ಬಡ್ಡಿ. ಆದಾಯ ತೆರಿಗೆಯನ್ನು ನಾವು ಸಾಮಾನ್ಯವಾಗಿ ಸಮಾಜ ವಿಜ್ಞಾನದವರಿಗೆ ಬಿಟ್ಟುಬಿಡುತ್ತೇವೆ. ಅಲ್ಲಿ ಅದು 'ನೇರ ತೆರಿಗೆಗೆ ಒಂದು ಉದಾಹರಣೆ' ಎಂಬ ಒಂದು ಅಂಕದ ಉತ್ತರವಾಗಿ ಮುಗಿದುಹೋಗುತ್ತದೆ. ಗಣಿತದ ಪ್ರಶಿಕ್ಷಣಾರ್ಥಿಯಾಗಿ ನನಗೆ ಇದು ನಷ್ಟವೆಂದೇ ಅನ್ನಿಸಿತು. ಶೇಕಡಾ, ಹಂತ ಹಂತದ ಕೂಡುವಿಕೆ, ನಕ್ಷೆ, ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಎಲ್ಲವೂ ಒಂದೇ ಸಂಬಳ ಚೀಟಿಯಲ್ಲಿ ಸಿಗುತ್ತವೆ. ಅಲ್ಲದೆ ಇನ್ನೊಂದೆರಡು ವರ್ಷಗಳಲ್ಲಿ ನಮ್ಮಲ್ಲಿ ಅನೇಕರು ಮನೆಯ ಮೊದಲ, ಕೆಲವರು ಮನೆಯ ಏಕೈಕ ಸಂಬಳದಾರರಾಗಲಿದ್ದೇವೆ. ಆ ಚೀಟಿಯನ್ನು ಓದಲು ನಮಗೇ ಬರಬೇಕಲ್ಲ.

ಈ ಅವಧಿಯ ಪಾಠಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ಎರಡು ಅವಧಿಗಳನ್ನು ಈ ವಿಷಯಕ್ಕೆ ತೆಗೆದುಕೊಂಡೆ. ಅಲ್ಲಿ ಮಾಡಿದ್ದನ್ನೂ ಅದಕ್ಕಾಗಿ ಓದಿ ಲೆಕ್ಕ ಹಾಕಿದ್ದನ್ನೂ ಇಲ್ಲಿ ಬರೆದಿದ್ದೇನೆ. ಲೆಕ್ಕಗಳೆಲ್ಲ 2025-26ನೇ ಆರ್ಥಿಕ ವರ್ಷದ ದರಗಳಿಗೆ ಅನ್ವಯಿಸುತ್ತವೆ. ದರಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತವೆ, ಲೆಕ್ಕದ ಕ್ರಮ ಬದಲಾಗುವುದು ಅಪರೂಪ.

ಮೊದಲು ಚೀಟಿ. 'ಸಂಬಳದಲ್ಲಿ ಕಟ್ ಆಯ್ತು' ಎಂದು ಎಲ್ಲರೂ ಹೇಳುತ್ತಾರೆ. ಕಟ್ ಆದದ್ದೆಲ್ಲ ತೆರಿಗೆಯಲ್ಲ. ನನ್ನ ಮಾರ್ಗದರ್ಶಕ ಶಿಕ್ಷಕರು ತಮ್ಮ ಸಂಬಳ ಚೀಟಿಯ ಅಂಕಿಗಳನ್ನು ಕಾಗದದ ಪಟ್ಟಿಯಿಂದ ಮುಚ್ಚಿ, ಕಡಿತಗಳ ಹೆಸರುಗಳನ್ನು ಮಾತ್ರ ತರಗತಿಗೆ ತೋರಿಸಲು ಒಪ್ಪಿದರು. ಕೆಜಿಐಡಿ, ಗುಂಪು ವಿಮೆ, ಎನ್‌ಪಿಎಸ್, ವೃತ್ತಿ ತೆರಿಗೆ, ಆದಾಯ ತೆರಿಗೆ. ಇವುಗಳನ್ನು 'ಮರಳಿ ನಮಗೇ ಬರುವುದು', 'ಸರ್ಕಾರಕ್ಕೆ ಹೋಗುವುದು' ಎಂದು ಎರಡು ಗುಂಪು ಮಾಡಲು ಹೇಳಿದೆ. ಕೆಜಿಐಡಿ ಎಂದರೆ ರಾಜ್ಯ ಸರ್ಕಾರಿ ನೌಕರರ ಕಡ್ಡಾಯ ವಿಮೆ, ಅವಧಿ ಮುಗಿದಾಗ ಹಣ ಬರುತ್ತದೆ. ಎನ್‌ಪಿಎಸ್ ಎಂದರೆ 2006ರ ಏಪ್ರಿಲ್ 1ರಿಂದ ಈಚೆಗೆ ಕೆಲಸಕ್ಕೆ ಸೇರಿದ ರಾಜ್ಯ ಸರ್ಕಾರಿ ನೌಕರರ ಪಿಂಚಣಿ ನಿಧಿ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ಅಲ್ಲಿಗೆ ಹೋಗುತ್ತದೆ. ಖಾಸಗಿ ನೌಕರರಿಗೆ ಇದರ ಜಾಗದಲ್ಲಿ ಭವಿಷ್ಯ ನಿಧಿ, ಅಂದರೆ ಪಿಎಫ್. ಇವು ಯಾವುವೂ ತೆರಿಗೆಯಲ್ಲ, ಕೈಗೆ ಬಾರದ ನಮ್ಮದೇ ಹಣ.

ವೃತ್ತಿ ತೆರಿಗೆ ರಾಜ್ಯದ್ದು. ಕರ್ನಾಟಕದಲ್ಲಿ ತಿಂಗಳಿಗೆ 25,000 ಮತ್ತು ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವರಿಗೆ ತಿಂಗಳಿಗೆ 200 ರೂಪಾಯಿ, ಫೆಬ್ರುವರಿಯಲ್ಲಿ ಮಾತ್ರ 300. ಒಟ್ಟು ವರ್ಷಕ್ಕೆ 2,500. ಸಂವಿಧಾನದ 276ನೇ ವಿಧಿ ವಿಧಿಸಿರುವ ಗರಿಷ್ಠ ಮಿತಿಯೂ ಅದೇ. ಆ ಒಂದು ತಿಂಗಳು 100 ರೂಪಾಯಿ ಏಕೆ ಹೆಚ್ಚು ಎಂಬುದಕ್ಕೆ 200ನ್ನು 12ರಿಂದ ಗುಣಿಸಿ ನೋಡಿದ ಮಕ್ಕಳೇ ಉತ್ತರ ಹೇಳಿದರು.

ಉಳಿದದ್ದು ಆದಾಯ ತೆರಿಗೆ. ಇಲ್ಲೇ ನಿಲ್ಲಬೇಕು.

ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷದ ಸಂಬಳದಿಂದ ಮೊದಲು 75,000 ರೂಪಾಯಿಯನ್ನು ಯಾವ ರಸೀದಿಯನ್ನೂ ಕೇಳದೆ ಬಿಟ್ಟುಬಿಡುತ್ತಾರೆ. ಇದಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಎನ್ನುತ್ತಾರೆ. ಉಳಿದದ್ದು ತೆರಿಗೆಗೆ ಒಳಪಡುವ ಆದಾಯ. ಅದರಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. 4ರಿಂದ 8 ಲಕ್ಷದ ಭಾಗಕ್ಕೆ ಶೇ. 5, 8ರಿಂದ 12ಕ್ಕೆ ಶೇ. 10, 12ರಿಂದ 16ಕ್ಕೆ ಶೇ. 15, 16ರಿಂದ 20ಕ್ಕೆ ಶೇ. 20, 20ರಿಂದ 24ಕ್ಕೆ ಶೇ. 25, ಅದರಾಚೆ ಶೇ. 30. ಬಂದ ತೆರಿಗೆಯ ಮೇಲೆ ಶೇ. 4 ಆರೋಗ್ಯ ಮತ್ತು ಶಿಕ್ಷಣ ಸೆಸ್.

ಇಷ್ಟನ್ನು ಕಪ್ಪುಹಲಗೆಯ ಮೇಲೆ ಬರೆದು, ವರ್ಷಕ್ಕೆ 15 ಲಕ್ಷ ಸಂಬಳ ಪಡೆಯುವ ಒಬ್ಬರ ತೆರಿಗೆ ಎಷ್ಟು ಎಂದು ಕೇಳಿದೆ. 75,000 ಕಳೆದು 14,25,000 ಎಂಬಲ್ಲಿಯವರೆಗೆ ಎಲ್ಲರೂ ಬಂದರು. ಆಮೇಲೆ ಮುಕ್ಕಾಲು ಪಾಲು ಮಕ್ಕಳು 14,25,000ದ ಶೇ. 15 ಎಂದು 2,13,750 ಬರೆದರು. ಆದಾಯ 12 ಲಕ್ಷ ದಾಟಿದೆ, ಆದ್ದರಿಂದ ಪೂರ್ತಿ ಹಣಕ್ಕೆ ಶೇ. 15. ದೊಡ್ಡವರಲ್ಲೂ ಬೇರೂರಿರುವ ತಪ್ಪು ಕಲ್ಪನೆ ಇದೇ. 'ಸ್ಲ್ಯಾಬ್ ದಾಟಿದರೆ ಸಂಬಳ ಜಾಸ್ತಿಯಾದರೂ ಕೈಗೆ ಬರೋದು ಕಡಿಮೆಯಾಗುತ್ತೆ' ಎಂಬ ಮಾತನ್ನು ಕೇಳದ ಕಚೇರಿ ಇರಲಾರದು.

ಮಕ್ಕಳಿಗೆ ಈ ಕಲ್ಪನೆ ಎಲ್ಲಿಂದ ಬಂತು ಎಂದು ವಿಚಾರಿಸಿದಾಗ ಒಬ್ಬ ಹುಡುಗಿ ಕೊಟ್ಟ ಉತ್ತರ ನನ್ನ ಪಾಠವನ್ನೇ ಬದಲಿಸಿತು. "ಕರೆಂಟ್ ಬಿಲ್ಲು ಹಂಗೇ ಅಲ್ವಾ ಮಿಸ್? ಇನ್ನೂರು ಯೂನಿಟ್ ದಾಟಿದ್ರೆ ಪೂರ್ತಿ ಕಟ್ಬೇಕು." ಗೃಹಜ್ಯೋತಿಯ ನಿಯಮ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಮನೆಗೆ ನಿಗದಿಯಾದ ಮಿತಿಯೊಳಗೆ ಬಿಲ್ಲು ಸೊನ್ನೆ. ಮಿತಿ ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ಹಣ. 200 ದಾಟಿತೋ ಇಡೀ ಬಿಲ್ಲು. ಅಂದರೆ ಒಂದೇ ಯೋಜನೆಯಲ್ಲಿ 'ಮೆಟ್ಟಿಲು'ಮತ್ತು 'ಕಡಿದಾದ ಅಂಚು' ಎರಡೂ ಇವೆ. ಮಕ್ಕಳ ಪೂರ್ವಜ್ಞಾನ ಅಂಚಿನದು, ಆದಾಯ ತೆರಿಗೆಯ ಹಂತಗಳು ಮೆಟ್ಟಿಲಿನವು. ಪೂರ್ವಜ್ಞಾನ ಯಾವಾಗಲೂ ಹೊಸ ಕಲಿಕೆಗೆ ನೆರವಾಗುತ್ತದೆ ಎಂದು ನಾವು ಬರೆಯುತ್ತೇವೆ. ಕೆಲವೊಮ್ಮೆ ಅದು ಅಡ್ಡ ಕೂತಿರುತ್ತದೆ, ಎಬ್ಬಿಸಿ ಪಕ್ಕಕ್ಕೆ ಕೂರಿಸಬೇಕಾಗುತ್ತದೆ.

ಅದಕ್ಕೆ ಬಳಸಿದ್ದು ಬಿಸಿಯೂಟದ ಕೋಣೆಯಿಂದ ತಂದ ಏಳು ಸ್ಟೀಲ್ ಲೋಟ ಮತ್ತು 60 ಹುಣಸೆ ಬೀಜ. ಒಂದು ಬೀಜ ಎಂದರೆ 25,000 ರೂಪಾಯಿ, 60 ಬೀಜ ಎಂದರೆ 15 ಲಕ್ಷ. ಮೂರು ಬೀಜಗಳನ್ನು ತೆಗೆದು ಮೇಜಿನ ಮೂಲೆಗೆ ಇಟ್ಟೆವು, ಅದು ಸ್ಟ್ಯಾಂಡರ್ಡ್ ಡಿಡಕ್ಷನ್. ಉಳಿದ 57. ಮೊದಲ ಲೋಟಕ್ಕೆ 16 ಬೀಜ, ತುಂಬಿತು. ಎರಡನೆಯದಕ್ಕೆ 16, ಮೂರನೆಯದಕ್ಕೆ 16. ನಾಲ್ಕನೆಯದಕ್ಕೆ ಉಳಿದದ್ದು 9. ಐದು, ಆರು, ಏಳನೇ ಲೋಟಗಳು ಖಾಲಿ. ಪ್ರತಿ ಲೋಟದ ಮೇಲೂ ಅದರ ದರದ ಚೀಟಿ ಅಂಟಿಸಿದ್ದೆ. ಎರಡನೇ ಲೋಟದ ಒಂದು ಬೀಜಕ್ಕೆ 1,250 ರೂಪಾಯಿ ತೆರಿಗೆ, 16 ಬೀಜಕ್ಕೆ 20,000. ಮೂರನೆಯದರಲ್ಲಿ ಬೀಜಕ್ಕೆ 2,500ರಂತೆ 40,000. ನಾಲ್ಕನೆಯದರಲ್ಲಿ ಬೀಜಕ್ಕೆ 3,750ರಂತೆ 33,750. ಒಟ್ಟು 93,750. ಸೆಸ್ 3,750 ಸೇರಿಸಿದರೆ 97,500.

ನಾಲ್ಕನೇ ಲೋಟಕ್ಕೆ ಬೀಜ ಹಾಕುವಾಗ ಮೊದಲ ಲೋಟದ ಬೀಜಗಳು ಕದಲಲಿಲ್ಲ ಎಂಬುದನ್ನು ಅವರು ಕಣ್ಣಾರೆ ನೋಡಿದರು. ವಿವರಣೆಗಿಂತ ಅದೇ ಹೆಚ್ಚು ಕೆಲಸ ಮಾಡಿತು. ಮೇಲಿನ ದರ ಮೇಲಿನ ಲೋಟಕ್ಕೆ ಮಾತ್ರ. 2,13,750 ಎಂದು ಬರೆದವರೇ ತಮ್ಮ ಉತ್ತರವನ್ನು ಹೊಡೆದು ಹಾಕಿದರು.

ಇಲ್ಲಿ ಎರಡು ಶೇಕಡಾಗಳನ್ನು ಬೇರೆ ಮಾಡಿ ತೋರಿಸುವುದು ಅಗತ್ಯ. 97,500 ಎಂಬುದು 15 ಲಕ್ಷದ ಶೇ. 6.5. ಇದು ಈ ವ್ಯಕ್ತಿ ನಿಜವಾಗಿ ಕಟ್ಟುವ ಸರಾಸರಿ ದರ. ಆದರೆ ಇವರ ಸಂಬಳ ಇನ್ನು ನೂರು ರೂಪಾಯಿ ಹೆಚ್ಚಾದರೆ ಆ ನೂರರಲ್ಲಿ ಹೋಗುವುದು 15 ರೂಪಾಯಿ 60 ಪೈಸೆ, ಶೇ. 15 ಮತ್ತು ಅದರ ಮೇಲಿನ ಸೆಸ್. 'ನಾನು ಹದಿನೈದು ಪರ್ಸೆಂಟ್ ಟ್ಯಾಕ್ಸ್ ಕಟ್ತೀನಿ' ಎನ್ನುವವರು ಎರಡನೆಯದನ್ನು ಮೊದಲನೆಯದು ಎಂದುಕೊಂಡಿರುತ್ತಾರೆ.

ಕೈಗೆ ಬರುವ ಸಂಬಳ ಈಗ ಸುಲಭ. ತಿಂಗಳಿಗೆ 1,25,000. ಅದರಲ್ಲಿ ಆದಾಯ ತೆರಿಗೆ 8,125, ವೃತ್ತಿ ತೆರಿಗೆ 200, ಪಿಎಫ್ 1,800 ಎಂದಿಟ್ಟುಕೊಳ್ಳೋಣ. ಶಾಸನಬದ್ಧ ವೇತನ ಮಿತಿಯಾದ 15,000ದ ಶೇ. 12 ಅದು. ಕೈಗೆ 1,14,875. ಪಿಎಫ್ ಹಣ ಕೈಗೆ ಬರದಿದ್ದರೂ ಹೊಸ ಪದ್ಧತಿಯಲ್ಲಿ ತೆರಿಗೆ ಲೆಕ್ಕ ಹಾಕುವಾಗ ಅದನ್ನು ಕಳೆಯುವುದಿಲ್ಲ. ಕಾಣದ ಹಣಕ್ಕೂ ತೆರಿಗೆ ಕಟ್ಟಿಯೇ ಇರುತ್ತೇವೆ.

ಮೆಟ್ಟಿಲಿನ ಪಾಠವನ್ನು ಇಲ್ಲಿಗೇ ನಿಲ್ಲಿಸಿ, 'ಹೆಚ್ಚು ಸಂಬಳದಿಂದ ಎಂದೂ ನಷ್ಟವಿಲ್ಲ' ಎಂದು ಬರೆದು ಗೆರೆ ಎಳೆಯಬಹುದಿತ್ತು. ಅನೇಕ ವಿವರಣೆಗಳು ಹಾಗೇ ಮುಗಿಯುತ್ತವೆ. ಆದರೆ ಜನರ ಭಯಕ್ಕೆ ಒಂದು ಜಾಗದಲ್ಲಿ ನಿಜವಾದ ಆಧಾರವಿದೆ, ಅದನ್ನು ಮುಚ್ಚಿಟ್ಟರೆ ನಾವು ಕಲಿಸಿದ ಉಳಿದದ್ದನ್ನೂ ಅವರು ನಂಬುವುದಿಲ್ಲ. ಆ ಜಾಗ ರಿಬೇಟ್‌ನ ಗಡಿ.

ತೆರಿಗೆಗೆ ಒಳಪಡುವ ಆದಾಯ 12 ಲಕ್ಷದವರೆಗೆ ಇದ್ದರೆ, ಲೆಕ್ಕದ ಪ್ರಕಾರ ಬರುವ ತೆರಿಗೆಯನ್ನು ಗರಿಷ್ಠ 60,000 ರೂಪಾಯಿವರೆಗೆ ಮನ್ನಾ ಮಾಡುತ್ತಾರೆ. ಸಂಬಳದಾರರಿಗೆ 75,000 ಸೇರಿಸಿದರೆ 12,75,000ದವರೆಗೆ ತೆರಿಗೆ ಸೊನ್ನೆ. ಪತ್ರಿಕೆಗಳಲ್ಲಿ ಬಂದ 'ಹನ್ನೆರಡು ಮುಕ್ಕಾಲು ಲಕ್ಷದವರೆಗೆ ತೆರಿಗೆ ಇಲ್ಲ' ಎಂಬ ಮಾತಿನ ಅರ್ಥ ಇದು. ಮೊದಲ ಲೋಟ ದೊಡ್ಡದಾಯಿತು ಎಂದಲ್ಲ. ಎರಡು ಮತ್ತು ಮೂರನೇ ಲೋಟದ ತೆರಿಗೆ ಲೆಕ್ಕಕ್ಕೆ ಬಂದು, ಆಮೇಲೆ ಮನ್ನಾ ಆಗುತ್ತದೆ. 12 ಲಕ್ಷಕ್ಕಿಂತ ಒಂದು ರೂಪಾಯಿ ಮೇಲೆ ಹೋದರೆ ಮನ್ನಾ ಇಲ್ಲ, ಒಮ್ಮೆಗೇ 60,000. ಹಾಗಾಗಬಾರದೆಂದು ಕಾನೂನಿನಲ್ಲಿ ಮಾರ್ಜಿನಲ್ ರಿಲೀಫ್ ಎಂಬ ರಕ್ಷಣೆ ಇದೆ. 12 ಲಕ್ಷದ ಮೇಲೆ ಎಷ್ಟು ಹೆಚ್ಚು ಆದಾಯ ಬಂದಿದೆಯೋ ತೆರಿಗೆ ಅದಕ್ಕಿಂತ ಹೆಚ್ಚಾಗುವಂತಿಲ್ಲ. ಆದರೆ ಸೆಸ್ ಆ ತೆರಿಗೆಯ ಮೇಲೆ ಪ್ರತ್ಯೇಕ.

ಇದು ಕೇವಲ ಪುಸ್ತಕದ ಮಾತಲ್ಲ ಎಂದು ತಿಳಿದದ್ದು ನಮ್ಮ ಭಾವನಿಂದ. ಅವರೊಂದು ಖಾಸಗಿ ಕಾರ್ಖಾನೆಯಲ್ಲಿದ್ದಾರೆ. ವರ್ಷಕ್ಕೆ 12,75,000. ಮನೆಯಲ್ಲಿ ಅಕ್ಕ, ಇಬ್ಬರು ಮಕ್ಕಳು, ಅತ್ತೆ, ಮಾವ. ಆರು ಜನರ ಮನೆಗೆ ದುಡಿಮೆ ಒಬ್ಬರದೇ. ಪಾಳಿಯ ಮೇಲ್ವಿಚಾರಣೆ ವಹಿಸಿಕೊಂಡರೆ ವರ್ಷಕ್ಕೆ 45,000 ಹೆಚ್ಚು ಎಂದರು. 'ಬೇಡ ಅನ್ನು, ಟ್ಯಾಕ್ಸ್‌ಗೆ ಬೀಳ್ತೀಯ' ಎಂದರು ಜೊತೆಯವರು. ಭಾನುವಾರ ಮನೆಗೆ ಬಂದಾಗ, "ನೀನು ಲೆಕ್ಕದ ಟೀಚರ್ ಆಗೋಳು, ನೋಡಿ ಹೇಳಮ್ಮ" ಎಂದು ಕಾಗದ ಮುಂದಿಟ್ಟರು.

ಹೊಸ ಸಂಬಳ 13,20,000. ತೆರಿಗೆಗೆ ಒಳಪಡುವುದು 12,45,000. ಲೋಟದ ಲೆಕ್ಕದಲ್ಲಿ ತೆರಿಗೆ 66,750. ರಿಲೀಫ್‌ನಿಂದಾಗಿ ಅದು 45,000ಕ್ಕೆ ನಿಲ್ಲುತ್ತದೆ. ಅದರ ಮೇಲೆ ಸೆಸ್ 1,800. ಒಟ್ಟು 46,800. ಸಿಕ್ಕ ಹೆಚ್ಚಳ 45,000, ಹೋಗುವುದು 46,800. ಜೊತೆಯವರ ಕಾರಣ ತಪ್ಪಿತ್ತು, ಆದರೆ ಅವರ ತೀರ್ಮಾನ ಈ ಒಂದು ಪ್ರಸಂಗದಲ್ಲಿ ಸರಿಯಾಗಿತ್ತು. ಭಾವ ನಕ್ಕು, "ಅಂದ್ರೆ ನಾನು ರಾತ್ರಿ ಪಾಳಿ ಮಾಡಿ ಸಾವಿರದೆಂಟುನೂರು ಕೈಯಿಂದ ಕೊಡಬೇಕು" ಎಂದರು.

ಈ ಇಕ್ಕಟ್ಟಿನ ಪಟ್ಟೆ ಎಲ್ಲಿಯವರೆಗೆ? ಇದು ಒಳ್ಳೆಯ ಬೀಜಗಣಿತದ ಪ್ರಶ್ನೆ. 12 ಲಕ್ಷದ ಮೇಲಿನ ಆದಾಯ ಎಕ್ಸ್ ಆಗಿದ್ದರೆ ಲೋಟದ ತೆರಿಗೆ 60,000 ಮತ್ತು 0.15 ಎಕ್ಸ್. ರಿಲೀಫ್‌ನ ಮಿತಿ ಎಕ್ಸ್. ಎರಡೂ ಸಮವಾಗುವುದು ಎಕ್ಸ್ ಸುಮಾರು 70,588 ಆದಾಗ. ಅಂದರೆ ಸಂಬಳ 12,75,000ದಿಂದ ಸುಮಾರು 13,45,588ರವರೆಗೆ ಪ್ರತಿ ನೂರು ರೂಪಾಯಿ ಹೆಚ್ಚಳಕ್ಕೆ ನೂರಾನಾಲ್ಕು ರೂಪಾಯಿ ಹೋಗುತ್ತದೆ. ಅಲ್ಲಿಂದ ಮುಂದೆ ನೂರರಲ್ಲಿ 84 ರೂಪಾಯಿ 40 ಪೈಸೆ ಉಳಿಯತೊಡಗುತ್ತದೆ. ಕೈಗೆ ಬರುವ ಹಣ ಮತ್ತೆ ಹಳೆಯ 12,75,000 ಮುಟ್ಟುವುದು ಸಂಬಳ ಸುಮಾರು 13,49,000 ಆದಾಗ. ಭಾವನಿಗೆ ಬೇಕಾಗಿದ್ದ ಉತ್ತರ ಇದೇ. 75,000ಕ್ಕಿಂತ ಕಡಿಮೆ ಹೆಚ್ಚಳದಿಂದ ಈ ವರ್ಷ ಮನೆಗೆ ಏನೂ ಬರುವುದಿಲ್ಲ. ಆದರೆ ಮುಂದಿನ ವರ್ಷದ ಹೆಚ್ಚಳ ಅಲ್ಲಿಂದ ಮೇಲೆ ಹೊರಡುತ್ತದೆ, ಬಿಟ್ಟರೆ ಮತ್ತೆ ಇದೇ ಪಟ್ಟೆಯನ್ನು ದಾಟಬೇಕು.

ಇನ್ನೊಂದು ದಾರಿಯೂ ಇದೆ. ಉದ್ಯೋಗದಾತರು ನೌಕರನ ಎನ್‌ಪಿಎಸ್ ಖಾತೆಗೆ ತಮ್ಮ ಪಾಲಾಗಿ ಹಾಕುವ ಹಣ, ವೇತನದ ಶೇ. 14ರವರೆಗೆ, ಹೊಸ ಪದ್ಧತಿಯಲ್ಲೂ ತೆರಿಗೆಯ ಆದಾಯದಿಂದ ಕಳೆಯುತ್ತದೆ. ಆ 45,000ವನ್ನು ಹಾಗೆ ಹಾಕಿಸಿದರೆ ತೆರಿಗೆಗೆ ಒಳಪಡುವ ಆದಾಯ 12 ಲಕ್ಷಕ್ಕೇ ನಿಲ್ಲುತ್ತದೆ, ತೆರಿಗೆ ಸೊನ್ನೆ. ಇದನ್ನು ಹೇಳಿದಾಗ ಅಕ್ಕ ಅಡುಗೆಮನೆಯಿಂದಲೇ ಕೇಳಿದಳು: "ಅರವತ್ತಕ್ಕೆ ಬರೋ ದುಡ್ಡು ಈ ಜೂನ್‌ನಲ್ಲಿ ಮಗಳ ಫೀಸಿಗೆ ಆಗುತ್ತಾ?" ಆಗುವುದಿಲ್ಲ. ತೆರಿಗೆ ಉಳಿಸುವುದೂ ಕೈಗೆ ಹಣ ಬರುವುದೂ ಒಂದೇ ಅಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವ ಪಾಠದಲ್ಲೂ ಹೇಳಲಾರೆ. ಭಾವ ಜವಾಬ್ದಾರಿ ಒಪ್ಪಿಕೊಂಡು ಹಣವನ್ನು ಎನ್‌ಪಿಎಸ್‌ಗೆ ಹಾಕಿಸಿದರು. ತಿಂಗಳ ಸಂಬಳದಲ್ಲಿ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ.

ತರಗತಿಯಲ್ಲಿ ಇದನ್ನೇ ನಕ್ಷೆಯಾಗಿ ಎಳೆಸಿದೆ. ಅಡ್ಡ ಅಕ್ಷದಲ್ಲಿ ಒಟ್ಟು ಸಂಬಳ, ಲಂಬ ಅಕ್ಷದಲ್ಲಿ ತೆರಿಗೆಯ ನಂತರ ಉಳಿಯುವುದು, 1 ಸೆಂ.ಮೀ.ಗೆ 1 ಲಕ್ಷ. 12.75ರವರೆಗೆ ಗೆರೆ ನೇರವಾಗಿ 45 ಡಿಗ್ರಿಯಲ್ಲಿ ಏರುತ್ತದೆ. ಅಲ್ಲಿ ಮುಕ್ಕಾಲು ಸೆಂಟಿಮೀಟರ್‌ನಷ್ಟು ಮಟ್ಟಸ ಜಾಗ. ಆಮೇಲೆ ಮತ್ತೆ ಏರು, ಆದರೆ ಮೊದಲಿಗಿಂತ ಸ್ವಲ್ಪ ಬಾಗಿ. ಮಟ್ಟಸ ಜಾಗ ನಿಜವಾಗಿ ಮಟ್ಟಸವಲ್ಲ, ಸುಮಾರು 2,824 ರೂಪಾಯಿಯಷ್ಟು ಇಳಿಜಾರು. ಆ ಪ್ರಮಾಣದಲ್ಲಿ ಅದು ಪೆನ್ಸಿಲ್ ಗೆರೆಯ ದಪ್ಪಕ್ಕಿಂತ ಕಡಿಮೆ. ಆ ಭಾಗವನ್ನು ಮಾತ್ರ ದೊಡ್ಡ ಪ್ರಮಾಣದಲ್ಲಿ ಬೇರೆ ಹಾಳೆಯಲ್ಲಿ ಎಳೆದ ಮೇಲೆ ಕಂಡಿತು. ಪ್ರಮಾಣದ ಆಯ್ಕೆ ಏಕೆ ಮುಖ್ಯ ಎಂದು ಹೇಳಲು ಇಂಥ ಅವಕಾಶ ಮತ್ತೆ ಸಿಗುವುದು ಕಷ್ಟ.

ಹಳೆಯ ಪದ್ಧತಿಯಲ್ಲಿ ಇಂಥ ರಿಲೀಫ್ ಇಲ್ಲ. ಅಲ್ಲಿ ರಿಬೇಟ್ 5 ಲಕ್ಷದವರೆಗೆ, 12,500 ರೂಪಾಯಿ. 5 ಲಕ್ಷಕ್ಕಿಂತ ನೂರು ರೂಪಾಯಿ ಹೆಚ್ಚಾದರೆ ತೆರಿಗೆ ಸೊನ್ನೆಯಿಂದ 13,020ಕ್ಕೆ ನೆಗೆಯುತ್ತದೆ. ಅದು ನಿಜವಾದ ಗೃಹಜ್ಯೋತಿ ಅಂಚು. ಹಿರಿಯ ಶಿಕ್ಷಕರು ಸಿಬ್ಬಂದಿ ಕೋಣೆಯಲ್ಲಿ 'ಐದು ಲಕ್ಷದೊಳಗೆ ಇಳಿಸ್ಕೋಬೇಕು' ಎಂದು ಎಲ್‌ಐಸಿ, ಪಿಪಿಎಫ್ ರಸೀದಿಗಳನ್ನು ಕೂಡಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಇಂದು 15 ಲಕ್ಷ ಸಂಬಳದವರಿಗೆ ಹಳೆಯ ಪದ್ಧತಿ ಹೊಸದಕ್ಕೆ ಸರಿಸಮವಾಗಬೇಕಾದರೆ ಒಟ್ಟು 5,93,750 ರೂಪಾಯಿ ಕಡಿತ ತೋರಿಸಬೇಕು. ಆರು ಜನರನ್ನು ಸಾಕುತ್ತ ಅಷ್ಟು ಉಳಿಸುವ ಒಬ್ಬಂಟಿ ದುಡಿಮೆಗಾರರನ್ನು ನಾನು ಕಂಡಿಲ್ಲ.

ಇನ್ನು ಈ ಲೇಖನದ ತಲೆಬರಹದಲ್ಲಿರುವ 'ಒಬ್ಬರೇ' ಎಂಬ ಮಾತು. ನಮ್ಮ ಆದಾಯ ತೆರಿಗೆ ಮನೆಯನ್ನು ನೋಡುವುದಿಲ್ಲ, ವ್ಯಕ್ತಿಯನ್ನು ನೋಡುತ್ತದೆ. ಪಕ್ಕಪಕ್ಕದ ಎರಡು ಮನೆಗಳಿವೆ ಎಂದುಕೊಳ್ಳಿ. ಎರಡಕ್ಕೂ ವರ್ಷಕ್ಕೆ 15 ಲಕ್ಷ ಆದಾಯ. ಒಂದರಲ್ಲಿ ಒಬ್ಬರೇ ದುಡಿಯುತ್ತಾರೆ, ತೆರಿಗೆ 97,500. ಇನ್ನೊಂದರಲ್ಲಿ ಗಂಡ ಹೆಂಡತಿ ಇಬ್ಬರೂ ಏಳೂವರೆ ಲಕ್ಷ ತರುತ್ತಾರೆ. ತಲಾ 6,75,000ಕ್ಕೆ ತೆರಿಗೆ 13,750 ಬಂದು ಮನ್ನಾ ಆಗುತ್ತದೆ, ಸೊನ್ನೆ. ಸಂಬಳ ಏರಿದಷ್ಟೂ ಅಂತರ ಏರುತ್ತದೆ. ಇಬ್ಬರಿಗೂ ತಲಾ 12,75,000 ಇದ್ದರೆ ಒಟ್ಟು 25,50,000ಕ್ಕೆ ತೆರಿಗೆ ಇಲ್ಲ. ಅಷ್ಟನ್ನೇ ಒಬ್ಬರು ದುಡಿದರೆ 3,35,400. ಮಕ್ಕಳು ಇದನ್ನು ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಪರಿಹಾರ ಬಂತು: "ಮಿಸ್, ಹಂಗಾದ್ರೆ ಅಪ್ಪ ಅರ್ಧ ಸಂಬಳಾನ ಅಮ್ಮಂಗೆ ಬರ್ಕೊಟ್ರೆ ಆಯ್ತಲ್ವಾ?"

ಕಾನೂನು ಬರೆದವರು ಈ ಹುಡುಗನಿಗಿಂತ ಮೊದಲೇ ಅದನ್ನು ಯೋಚಿಸಿದ್ದಾರೆ. ಸಂಬಳ ಯಾರು ದುಡಿದರೋ ಅವರದೇ ಆದಾಯ. ಹೆಂಡತಿಗೆ ಉಡುಗೊರೆಯಾಗಿ ಕೊಟ್ಟ ಹಣದಿಂದ ಬಡ್ಡಿ ಬಂದರೂ ಅದು ಗಂಡನ ಆದಾಯಕ್ಕೇ ಸೇರುತ್ತದೆ. ಬೇರೆ ದೇಶಗಳಲ್ಲಿ ಬೇರೆ ಪದ್ಧತಿಗಳಿವೆ. ಅಮೆರಿಕದಲ್ಲಿ ದಂಪತಿ ಜಂಟಿಯಾಗಿ ಲೆಕ್ಕ ಒಪ್ಪಿಸಬಹುದು. ಜರ್ಮನಿಯಲ್ಲಿ ಇಬ್ಬರ ಆದಾಯ ಕೂಡಿ ಎರಡರಿಂದ ಭಾಗಿಸುತ್ತಾರೆ. ಫ್ರಾನ್ಸ್‌ನಲ್ಲಿ ಮಕ್ಕಳನ್ನೂ ಭಾಗಕ್ಕೆ ಸೇರಿಸುತ್ತಾರೆ. ನಮ್ಮಲ್ಲೂ 1955-56ರಲ್ಲಿ, ಸಿ. ಡಿ. ದೇಶಮುಖರು ಹಣಕಾಸು ಮಂತ್ರಿಗಳಾಗಿದ್ದಾಗ, ವಿವಾಹಿತರಿಗೆ 2,000 ರೂಪಾಯಿ, ಅವಿವಾಹಿತರಿಗೆ 1,000 ರೂಪಾಯಿ ಎಂದು ತೆರಿಗೆಯಿಲ್ಲದ ಮಿತಿಯನ್ನೇ ಬೇರೆ ಮಾಡಿದ್ದರು. ಆ ಭೇದ ಈಗಿಲ್ಲ.

ಇದು ಅನ್ಯಾಯವೇ? ತರಗತಿ ಎರಡು ಪಾಳಯವಾಯಿತು. ಇಬ್ಬರೂ ದುಡಿಯುವ ಮನೆಯಲ್ಲಿ ಬಸ್ಸು, ಮಗುವನ್ನು ನೋಡಿಕೊಳ್ಳುವವರ ಸಂಬಳ, ಹೊರಗಿನ ಊಟ ಎಲ್ಲ ಖರ್ಚು. ಒಬ್ಬರು ಮನೆಯಲ್ಲಿರುವ ಕಡೆ ಆ ಕೆಲಸಗಳಿಗೆ ಕೂಲಿಯೂ ಇಲ್ಲ, ತೆರಿಗೆಯೂ ಇಲ್ಲ. ಮನೆಯಲ್ಲಿರುವವರಿಗೆ ಅರ್ಧ ಪಾಲು ಬರೆದರೆ, ನಾಳೆ ಅವರು ಕೆಲಸಕ್ಕೆ ಹೊರಟಾಗ ಅವರ ಮೊದಲ ರೂಪಾಯಿಗೇ ಮೇಲಿನ ಲೋಟದ ದರ ಬೀಳುತ್ತದೆ ಎಂಬ ವಾದವೂ ಇದೆ. ನನ್ನ ಮಟ್ಟಿಗೆ, ವ್ಯಕ್ತಿಗೆ ತೆರಿಗೆ ಎಂಬುದು ಹೆಣ್ಣುಮಕ್ಕಳು ದುಡಿಯಲು ಹೊರಡುವುದಕ್ಕೆ ಒಳ್ಳೆಯದು. ಆದರೆ ಅತ್ತೆ ಮಾವನ ಔಷಧಿಗೂ ಮಕ್ಕಳ ಫೀಸಿಗೂ ಹೊಸ ಪದ್ಧತಿಯಲ್ಲಿ ಒಂದು ರೂಪಾಯಿ ಕಡಿತವೂ ಇಲ್ಲದಿರುವುದು ಒಬ್ಬರ ದುಡಿಮೆಯ ಮನೆಗೆ ಭಾರ. ಇದನ್ನು ಮಕ್ಕಳ ಮುಂದೆ ತೀರ್ಪಾಗಿ ಹೇಳಲಿಲ್ಲ, ಚರ್ಚೆಯಾಗಿ ಬಿಟ್ಟೆ.

ಕೊನೆಯದಾಗಿ, ತಿಂಗಳ ಲೆಕ್ಕ. ತೆರಿಗೆ ವರ್ಷದ್ದು, ಸಂಬಳ ತಿಂಗಳದ್ದು. ಈ ಎರಡನ್ನು ಹೊಂದಿಸುವುದು ಟಿಡಿಎಸ್. ಸಂಬಳ ಕೊಡುವವರು ಇಡೀ ವರ್ಷದ ತೆರಿಗೆಯನ್ನು ಅಂದಾಜು ಮಾಡಿ ತಿಂಗಳುಗಳಿಗೆ ಹಂಚಿ ಹಿಡಿಯುತ್ತಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ ಒಂದು ಲಕ್ಷ ಪಡೆದವರಿಗೆ ಅಂದಾಜು 12 ಲಕ್ಷ, ತೆರಿಗೆ ಸೊನ್ನೆ, ಕಡಿತವೂ ಸೊನ್ನೆ. ಅಕ್ಟೋಬರ್‌ನಲ್ಲಿ ಸಂಬಳ ಒಂದೂವರೆ ಲಕ್ಷವಾಯಿತು ಎನ್ನೋಣ. ವರ್ಷದ ಮೊತ್ತ ಈಗ 15 ಲಕ್ಷ, ತೆರಿಗೆ 97,500. ಉಳಿದಿರುವುದು ಆರೇ ತಿಂಗಳು, ತಿಂಗಳಿಗೆ 16,250. ಐವತ್ತು ಸಾವಿರ ಏರಿತೆಂದು ಸಂಭ್ರಮಿಸಿದವರ ಕೈಗೆ ಹೆಚ್ಚಾಗಿ ಬಂದದ್ದು 33,750. 'ತೆರಿಗೆ ಮೂರನೇ ಒಂದು ಭಾಗ ತಿಂದಿತು' ಎಂದು ಅವರು ಊರೆಲ್ಲ ಹೇಳುತ್ತಾರೆ. ಮುಂದಿನ ಏಪ್ರಿಲ್‌ನಿಂದ ವರ್ಷಕ್ಕೆ 18 ಲಕ್ಷ. ದರಗಳು ಹಾಗೇ ಇದ್ದರೆ ತೆರಿಗೆ 1,50,800, ತಿಂಗಳಿಗೆ ಸುಮಾರು 12,567. ವರ್ಷದ ಆದಾಯ ಹೆಚ್ಚಿತು, ತಿಂಗಳ ಕಡಿತ ಇಳಿಯಿತು! ಒಂದು ತಿಂಗಳ ಚೀಟಿ ನೋಡಿ ತೆರಿಗೆಯ ದರ ಹೇಳಬಾರದು ಎನ್ನುವುದಕ್ಕೆ ಈ ಲೆಕ್ಕ ಸಾಕು.

ಈ ಪಾಠ ತೆಗೆದುಕೊಳ್ಳುವ ಸಹಪಾಠಿಗಳಿಗೆ ಒಂದು ಮಾತು. 'ನಿಮ್ಮ ಅಪ್ಪನ ಸಂಬಳ ಎಷ್ಟು?' ಎಂದು ಎಂದೂ ಕೇಳಬೇಡಿ. ನಾನು ಪಾಠ ಮಾಡಿದ ತರಗತಿಯಲ್ಲಿ ಗಾರೆ ಕೆಲಸದವರ, ಕಬ್ಬು ಕಡಿಯುವವರ ಮಕ್ಕಳೇ ಹೆಚ್ಚು. 15 ಲಕ್ಷ ಎಂಬ ಅಂಕಿ ಅವರಿಗೆ ಸಿನಿಮಾದ ಅಂಕಿ. ಆದ್ದರಿಂದ ಎರಡನೇ ಅವಧಿಯನ್ನು ತಿಂಗಳಿಗೆ 50,000 ಸಂಬಳದಿಂದ ಆರಂಭಿಸಿದೆ. ವರ್ಷಕ್ಕೆ 6 ಲಕ್ಷ, ತೆರಿಗೆಗೆ ಒಳಪಡುವುದು 5,25,000, ಬರುವ ತೆರಿಗೆ 6,250, ಅದೂ ಮನ್ನಾ. ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಕೈಗೆ 48,000. 'ಹಂಗಾದ್ರೆ ನಮ್ಮಪ್ಪ ಟ್ಯಾಕ್ಸೇ ಕಟ್ಟಲ್ಲ' ಎಂದ ಹುಡುಗನಿಗೆ, ಅವನ ಚೀಲದಲ್ಲಿದ್ದ ಬಿಸ್ಕತ್ತಿನ ಪೊಟ್ಟಣದ ಬೆಲೆಯಲ್ಲಿ ಸೇರಿರುವ ಜಿಎಸ್‌ಟಿಯನ್ನು ಪಕ್ಕದವಳೇ ತೋರಿಸಿದಳು.

ಮೌಲ್ಯಮಾಪನಕ್ಕೆ ಕೊಟ್ಟ ಪ್ರಶ್ನೆ ಒಂದೇ. ಒಬ್ಬರ ವಾರ್ಷಿಕ ಸಂಬಳ 12,75,000ದಿಂದ 14,40,000ಕ್ಕೆ ಏರಿದೆ, ಹೆಚ್ಚಳದಲ್ಲಿ ಕೈಗೆ ಎಷ್ಟು? ಉತ್ತರ 76,860. ಹೆಚ್ಚಳ 1,65,000. ಅರ್ಧಕ್ಕಿಂತ ಕಡಿಮೆ. 42 ಮಕ್ಕಳಲ್ಲಿ 29 ಜನ ಸರಿಯಾಗಿ ಬರೆದರು. ಉಳಿದವರಲ್ಲಿ ಹೆಚ್ಚಿನವರು ಸೆಸ್ ಬಿಟ್ಟು 80,250 ಎಂದರು. ಇಡೀ ಮೊತ್ತಕ್ಕೆ ಶೇ. 15 ಹಾಕಿದವರು ಇಬ್ಬರು. ಅವರಿಗೆ ಲೋಟ ಮತ್ತು ಬೀಜಗಳನ್ನು ಮತ್ತೆ ಕೊಟ್ಟೆ.